108 ಸಿಬ್ಬಂದಿಗೆ ಕೆಲಸದಲ್ಲಿ ಗಾಯವಾದರೆ: ಪರಿಹಾರ ಪಡೆಯುವ ದಾರಿ, ಹಂತ ಹಂತವಾಗಿ

ಕರ್ನಾಟಕದಲ್ಲಿ ಆರೋಗ್ಯ ಕವಚ 108 ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. ಅಂದಿನಿಂದ ಇಎಂಟಿ (ಆಂಬುಲೆನ್ಸ್‌ನಲ್ಲಿ ರೋಗಿಗೆ ತುರ್ತು ಆರೈಕೆ ಕೊಡುವವರು) ಮತ್ತು ಪೈಲಟ್‌ಗಳಿಗೆ (ಆಂಬುಲೆನ್ಸ್ ಚಾಲಕರು) ಆಗುವ ಗಾಯಗಳು ಹೆಚ್ಚುಕಡಿಮೆ ಅವೇ: ಅಪಘಾತದಲ್ಲಿ ಕೈಕಾಲು ಮುರಿತ, ಸ್ಟ್ರೆಚರ್ ಎತ್ತುವಾಗ ಸೊಂಟದ ಪೆಟ್ಟು, ಸೂಜಿ ಚುಚ್ಚುವುದು, ರೋಗಿಯ ಕಡೆಯವರಿಂದ ಹಲ್ಲೆ. ಇವೆಲ್ಲಕ್ಕೂ ಕಾನೂನಿನಲ್ಲಿ ಪರಿಹಾರ ಇದೆ. ಆದರೂ ಹಣ ಕೈಗೆ ಬಾರದೆ ಹೋಗುವುದಕ್ಕೆ ಮುಖ್ಯ ಕಾರಣ ಎರಡು. ಒಂದು, ಮೊದಲ ಎರಡು ದಿನಗಳ ಕಾಗದ ಸರಿಯಿರುವುದಿಲ್ಲ. ಇನ್ನೊಂದು, ಯಾವ ಕಾನೂನಿನಡಿ ಕೇಳಬೇಕು ಎಂದು ತೀರ್ಮಾನಿಸುವ ಮೊದಲೇ ಯಾವುದೋ ಅರ್ಜಿಗೆ ಸಹಿ ಬಿದ್ದಿರುತ್ತದೆ. ಖಾಸಗಿ ಆಸ್ಪತ್ರೆಯ ಆಂಬುಲೆನ್ಸ್‌ನಲ್ಲಿ ದುಡಿಯುವವರಿಗೂ ಇಲ್ಲಿರುವ ಬಹುಪಾಲು ವಿಷಯ ಅನ್ವಯಿಸುತ್ತದೆ.

ಮೊದಲ 48 ಗಂಟೆ

ಚಿಕಿತ್ಸೆ ಮೊದಲು. ಆದರೆ ಚಿಕಿತ್ಸೆಯ ಜೊತೆಗೇ ದಾಖಲೆಯೂ ಹುಟ್ಟಬೇಕು. ನಮ್ಮವರ ಅಭ್ಯಾಸ ಏನೆಂದರೆ, ರೋಗಿಯನ್ನು ಇಳಿಸಿದ ಆಸ್ಪತ್ರೆಯಲ್ಲೇ ಪರಿಚಯದ ನರ್ಸ್ ಹತ್ತಿರ ಬ್ಯಾಂಡೇಜ್ ಹಾಕಿಸಿಕೊಂಡು ಮುಂದಿನ ಕಾಲ್‌ಗೆ ಹೊರಡುವುದು. ಓಪಿಡಿ ಚೀಟಿಯೂ ಇರುವುದಿಲ್ಲ. ಆರು ತಿಂಗಳ ನಂತರ ಆ ಗಾಯ ಕೆಲಸದಲ್ಲೇ ಆಯಿತು ಎಂದು ತೋರಿಸಲು ಏನೂ ಉಳಿದಿರುವುದಿಲ್ಲ.

ಆದ್ದರಿಂದ ಎಷ್ಟೇ ಸಣ್ಣ ಗಾಯವಾದರೂ ಕ್ಯಾಷುವಾಲಿಟಿಯಲ್ಲಿ ನಿಮ್ಮ ಹೆಸರಿನಲ್ಲಿ ನೋಂದಣಿ ಮಾಡಿಸಿ. ಅಪಘಾತ, ಹಲ್ಲೆ ಆಗಿದ್ದರೆ ಎಂಎಲ್‌ಸಿ (ಪೊಲೀಸರಿಗೂ ಮಾಹಿತಿ ಹೋಗುವ ವೈದ್ಯಕೀಯ-ಕಾನೂನು ದಾಖಲೆ) ಮಾಡಲೇಬೇಕೆಂದು ಕೇಳಿ. ವೈದ್ಯರು ಕೇಸ್ ಶೀಟ್‌ನಲ್ಲಿ ಗಾಯದ ಹಿನ್ನೆಲೆ ಬರೆಯುವ ಒಂದು ಸಾಲು ಇಡೀ ಪ್ರಕರಣದ ಬುನಾದಿ. ‘ಬಿದ್ದು ಪೆಟ್ಟಾಗಿದೆ’ ಎಂದಷ್ಟೇ ಬರೆದರೆ ಮನೆಯಲ್ಲಿ ಬಿದ್ದಿರಬಹುದು ಎಂದು ವಿಮಾ ಕಂಪನಿಯ ವಕೀಲರು ವಾದಿಸುತ್ತಾರೆ. ಬರೆಯಬೇಕಾದದ್ದು ಹೀಗಿರಲಿ: ‘ಇಂಥ ದಿನ ರಾತ್ರಿ 2.20ಕ್ಕೆ, 108 ಕರ್ತವ್ಯದಲ್ಲಿದ್ದಾಗ, ಮೂರನೇ ಮಹಡಿಯಿಂದ ರೋಗಿಯನ್ನು ಸ್ಟ್ರೆಚರ್‌ನಲ್ಲಿ ಇಳಿಸುವಾಗ ಮೆಟ್ಟಿಲ ಮೇಲೆ ಕಾಲು ಜಾರಿ, ಭಾರವೆಲ್ಲ ಮೇಲೆ ಬಿದ್ದು ಸೊಂಟದಲ್ಲಿ ತಕ್ಷಣ ನೋವು.’ ದಿನಾಂಕ, ಸಮಯ, ಕರ್ತವ್ಯ, ಮಾಡುತ್ತಿದ್ದ ಕೆಲಸ, ಪೆಟ್ಟಾದ ಜಾಗ, ಈ ಐದೂ ಅದರಲ್ಲಿ ಇರಬೇಕು.

ಸೊಂಟದ ವಿಷಯದಲ್ಲಿ ಇದು ಇನ್ನೂ ಮುಖ್ಯ. ‘ಹಳೆಯ ಬೆನ್ನುನೋವು’ ಎಂಬ ಎರಡು ಪದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಸೇರಿದರೆ, ಅದು ವಯಸ್ಸಿನ ಸವೆತ, ಅಪಘಾತವಲ್ಲ ಎಂಬ ತಕರಾರಿಗೆ ದಾರಿಯಾಗುತ್ತದೆ. ಮೊದಲೇ ನೋವಿದ್ದು, ಆ ದಿನ ಎತ್ತಿದ್ದರಿಂದ ಹೆಚ್ಚಾಗಿದ್ದರೆ ಹಾಗೆಯೇ ಹೇಳಿ. ಕೆಲಸದ ಒತ್ತಡದಿಂದ ಇದ್ದ ತೊಂದರೆ ಉಲ್ಬಣಿಸಿದರೂ ಪರಿಹಾರ ಕೇಳಬಹುದು. ಮುಚ್ಚಿಟ್ಟು, ಆಮೇಲೆ ಹಳೆಯ ಎಕ್ಸ್‌ರೇ ಹೊರಬಂದರೆ ಮಾತ್ರ ಪ್ರಕರಣದ ನಂಬಿಕೆಯೇ ಹೋಗುತ್ತದೆ.

ಅದೇ ದಿನ, ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡ ಏಜೆನ್ಸಿಗೆ ಬರಹದಲ್ಲಿ ತಿಳಿಸಿ. ಸೂಪರ್‌ವೈಸರ್‌ಗೆ ಫೋನ್ ಮಾಡಿದ್ದು ನೋಟಿಸ್ ಆಗುವುದಿಲ್ಲ. ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ಕಳಿಸಿ, ನಂತರ ಅದನ್ನೇ ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಹೆಸರು, ಉದ್ಯೋಗಿ ಸಂಖ್ಯೆ, ಆಂಬುಲೆನ್ಸ್ ನೋಂದಣಿ ಸಂಖ್ಯೆ, ಕಾಲ್‌ಸೆಂಟರ್ ಕೊಟ್ಟ ಕೇಸ್ ಐಡಿ, ಗಾಯಕ್ಕೆ ಕಾರಣ, ದಿನಾಂಕ, ಜೊತೆಗಿದ್ದವರ ಹೆಸರು ಇದ್ದರೆ ಸಾಕು. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿ: ‘ಈ ಕೇಸ್‌ನ ಕರೆ ಧ್ವನಿಮುದ್ರಣ, ಜಿಪಿಎಸ್ ದಾಖಲೆ, ಹಾಜರಾತಿ ಮತ್ತು ರೋಗಿಯ ಆರೈಕೆ ದಾಖಲೆಯನ್ನು ಅಳಿಸದೆ ಕಾಯ್ದಿರಿಸಬೇಕು.’ 108 ಕೆಲಸದ ದೊಡ್ಡ ಅನುಕೂಲವೇ ಇದು. ನೀವು ಎಷ್ಟು ಗಂಟೆಗೆ ಎಲ್ಲಿದ್ದಿರಿ ಎಂಬುದು ಯಂತ್ರದಲ್ಲಿ ದಾಖಲಾಗಿರುತ್ತದೆ. ಕೇಳದಿದ್ದರೆ ಅದೂ ಒಂದು ದಿನ ಅಳಿಸಿಹೋಗುತ್ತದೆ. ಲಾಗ್‌ಬುಕ್‌ನ ಆ ದಿನದ ಪುಟದ ಫೋಟೊ ನೀವೂ ತೆಗೆದಿಟ್ಟುಕೊಳ್ಳಿ.

ಮೂರು ಬಾಗಿಲು

ಪರಿಹಾರಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ: ಇಎಸ್‌ಐ (ನೌಕರರ ರಾಜ್ಯ ವಿಮೆ), ನೌಕರರ ಪರಿಹಾರ ಕಾನೂನು, ಮೋಟಾರು ವಾಹನ ಕಾಯ್ದೆ. ಒಂದನ್ನು ಹಿಡಿದರೆ ಕೆಲವೊಮ್ಮೆ ಇನ್ನೊಂದು ಮುಚ್ಚಿಹೋಗುತ್ತದೆ.

ಮೊದಲು ಸಂಬಳದ ಚೀಟಿ ತೆಗೆದು ನೋಡಿ. ಇಎಸ್‌ಐ ಎಂದು ಶೇ 0.75 ಕಡಿತವಾಗುತ್ತಿದೆಯೇ? ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಮಾಲೀಕರ ಪಾಲು ಶೇ 3.25. ವಂತಿಗೆ ಅವಧಿಯ ನಡುವೆ, ಅಂದರೆ ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್ ನಡುವೆ ಸಂಬಳ 21,000 ದಾಟಿದರೂ ಆ ಅವಧಿ ಮುಗಿಯುವವರೆಗೆ ರಕ್ಷಣೆ ಮುಂದುವರಿಯುತ್ತದೆ. ಏಜೆನ್ಸಿ ವಂತಿಗೆ ಕಟ್ಟಿಲ್ಲ ಎಂದಾಕ್ಷಣ ನಿಮ್ಮ ಹಕ್ಕು ಹೋಗುವುದಿಲ್ಲ. ವಂತಿಗೆ ಕಟ್ಟಬೇಕಾಗಿದ್ದ ನೌಕರನೂ ವಿಮಾದಾರನೇ.

ನೀವು ಇಎಸ್‌ಐ ವಿಮಾದಾರರಾಗಿದ್ದರೆ ಮಾಲೀಕರ ಮೇಲೆ ನೌಕರರ ಪರಿಹಾರದ ಕೇಸ್ ಹಾಕಲು ಬರುವುದಿಲ್ಲ. 1948ರ ಇಎಸ್‌ಐ ಕಾಯ್ದೆಯ 53ನೇ ಕಲಂ ಅದನ್ನು ತಡೆಯುತ್ತದೆ. ಇದು ಗೊತ್ತಿಲ್ಲದೆ ಎರಡು ವರ್ಷ ಕೋರ್ಟಿಗೆ ಅಲೆದು, ಕೊನೆಗೆ ಅರ್ಜಿ ವಜಾ ಆದಮೇಲೆ ಇಎಸ್‌ಐ ಕಚೇರಿಗೆ ಹೋಗುವವರಿದ್ದಾರೆ. ಆದರೆ ಗುದ್ದಿದ್ದು ಬೇರೆಯವರ ಲಾರಿಯಾಗಿದ್ದರೆ, ಆ ಲಾರಿಯ ಮಾಲೀಕರು ಮತ್ತು ಅವರ ವಿಮಾ ಕಂಪನಿಯ ಮೇಲೆ ಮೋಟಾರು ವಾಹನ ಕಾಯ್ದೆಯಡಿ ಹೋಗಲು ಈ ತಡೆ ಇಲ್ಲ. ತಡೆ ಇರುವುದು ಮಾಲೀಕರು ಮತ್ತು ಅವರ ನೌಕರರ ವಿರುದ್ಧ ಕೇಳುವುದಕ್ಕೆ.

ಇಎಸ್‌ಐ ಇಲ್ಲದವರಿಗೆ ಉಳಿದ ಎರಡರಲ್ಲಿ ಒಂದನ್ನು ಆರಿಸುವ ಹಕ್ಕಿದೆ. ಮೋಟಾರು ವಾಹನ ಕಾಯ್ದೆಯ 167ನೇ ಕಲಂ ಪ್ರಕಾರ ಎರಡೂ ಕಡೆ ಪರಿಹಾರ ಪಡೆಯಲು ಬರುವುದಿಲ್ಲ. ಲೆಕ್ಕ ಹಾಕಿ ನೋಡದೆ ಸಹಿ ಮಾಡಬೇಡಿ ಎನ್ನುವುದು ಇದಕ್ಕೇ.

ಲೆಕ್ಕ ಹಾಕುವುದು ಹೇಗೆ

30 ವರ್ಷದ ಇಎಂಟಿ, ತಿಂಗಳಿಗೆ 18,000 ಸಂಬಳ, ಗಾಯದಿಂದ ದುಡಿಯುವ ಸಾಮರ್ಥ್ಯದಲ್ಲಿ ಶೇ 20 ನಷ್ಟ ಎಂದುಕೊಳ್ಳಿ.

ನೌಕರರ ಪರಿಹಾರ ಕಾನೂನಿನಲ್ಲಿ ಸಂಬಳ ಎಷ್ಟಿದ್ದರೂ ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. ಇದು 2020ರ ಜನವರಿಯ ಅಧಿಸೂಚನೆಯಲ್ಲಿ ನಿಗದಿಯಾದ ಮಿತಿ. ಅರ್ಜಿ ಹಾಕುವ ದಿನ ಮಿತಿ ಏರಿದೆಯೇ ಎಂದು ವಿಚಾರಿಸಿ. ಶಾಶ್ವತ ಅಂಗವೈಕಲ್ಯಕ್ಕೆ ಅದರ ಶೇ 60, ಅಂದರೆ 9,000. 30 ವರ್ಷಕ್ಕೆ ಅನುಸೂಚಿಯಲ್ಲಿರುವ ಗುಣಾಂಕ 207.98. ಎರಡನ್ನೂ ಗುಣಿಸಿದರೆ 18,71,820. ಇದು ಪೂರ್ತಿ ಸಾಮರ್ಥ್ಯ ಕಳೆದುಕೊಂಡವರಿಗೆ. ಶೇ 20ಕ್ಕೆ 3,74,364 ರೂಪಾಯಿ. ಮೇಲೆ ಚಿಕಿತ್ಸೆಯ ವಾಸ್ತವ ಖರ್ಚು. ಸಾವಾದರೆ ಶೇ 60ರ ಬದಲು ಶೇ 50, ಅಂದರೆ ಇದೇ ವಯಸ್ಸಿಗೆ 15,59,850. ಗುಣಾಂಕ ವಯಸ್ಸಿನೊಂದಿಗೆ ಇಳಿಯುತ್ತದೆ: 25ಕ್ಕೆ 216.91, 35ಕ್ಕೆ 197.06, 40ಕ್ಕೆ 184.17. ಹಿಂದಿನ ಹುಟ್ಟುಹಬ್ಬಕ್ಕೆ ತುಂಬಿದ ವಯಸ್ಸೇ ಲೆಕ್ಕ. ಹಾಗಾಗಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಜೊತೆಗಿರಲಿ.

ಅದೇ ಗಾಯ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಬಂದರೆ ಸಂಬಳಕ್ಕೆ ಈ ಮಿತಿ ಇಲ್ಲ. 2017ರ ಸುಪ್ರೀಂ ಕೋರ್ಟ್ ಸಂವಿಧಾನ ಪೀಠದ ತೀರ್ಪಿನಂತೆ, 40 ವರ್ಷದೊಳಗಿನ ಖಾಯಂ ಅಲ್ಲದ ನೌಕರರ ಆದಾಯಕ್ಕೆ ಮುಂದಿನ ಬೆಳವಣಿಗೆಯೆಂದು ಶೇ 40 ಸೇರಿಸುತ್ತಾರೆ. 18,000 ಹೀಗೆ 25,200 ಆಗುತ್ತದೆ. ವರ್ಷಕ್ಕೆ 3,02,400. 26ರಿಂದ 30ರ ವಯಸ್ಸಿಗೆ ಗುಣಕ 17. ಎರಡನ್ನೂ ಗುಣಿಸಿದರೆ 51,40,800. ಅದರ ಶೇ 20 ಎಂದರೆ 10,28,160 ರೂಪಾಯಿ. ನೋವು, ಚಿಕಿತ್ಸೆ, ರಜೆಯಲ್ಲಿ ಹೋದ ಸಂಬಳ ಇವೆಲ್ಲ ಬೇರೆ. ಅಂತರ ಎರಡೂವರೆ ಪಟ್ಟಿಗಿಂತ ಜಾಸ್ತಿ.

ಹಾಗಾದರೆ ಎಲ್ಲರೂ ಇದನ್ನೇ ಹಿಡಿಯಬಾರದೇಕೆ? ಇಲ್ಲಿ ವಾಹನ ಓಡಿಸಿದವರೊಬ್ಬರ ನಿರ್ಲಕ್ಷ್ಯ ಸಾಬೀತಾಗಬೇಕು. ಪೈಲಟ್ ತಾನೇ ಹತೋಟಿ ತಪ್ಪಿ ಮರಕ್ಕೆ ಗುದ್ದಿದ್ದರೆ, ಎಫ್‌ಐಆರ್‌ನಲ್ಲಿ ಆರೋಪಿ ಅವರೇ. 166ರಡಿ ಅವರಿಗೆ ಏನೂ ಸಿಗದು. ನೌಕರರ ಪರಿಹಾರದಲ್ಲಿ ತಪ್ಪು ಯಾರದು ಎಂಬ ಪ್ರಶ್ನೆಯೇ ಬರುವುದಿಲ್ಲ, ಕೆಲಸದಲ್ಲಿದ್ದಾಗ ಕೆಲಸದಿಂದ ಆದ ಅಪಘಾತವಾದರೆ ಸಾಕು. ಹಾಗಾಗಿ ಪೈಲಟ್‌ಗೆ ಅದೇ ದಾರಿ. ಹಿಂದೆ ಕೂತಿದ್ದ ಇಎಂಟಿ, ಇಎಸ್‌ಐ ವಿಮಾದಾರನಲ್ಲದಿದ್ದರೆ, ಅದೇ ಅಪಘಾತದಲ್ಲಿ 166ರಡಿ ಕೇಳಬಹುದು. ಲಾರಿ ಮತ್ತು ಆಂಬುಲೆನ್ಸ್ ಇಬ್ಬರದೂ ತಪ್ಪಿದ್ದರೆ, ಯಾವ ತಪ್ಪೂ ಮಾಡದ ಇಎಂಟಿ ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಯಾರಿಂದಲಾದರೂ ವಸೂಲು ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಆದರೆ ಆಂಬುಲೆನ್ಸ್‌ನ ಪಾಲಿಸಿ ಪ್ರತಿ ತೆಗೆಸಿ, ಅದರಲ್ಲಿ ನೌಕರರ ಹೊಣೆಗೆ ಪ್ರೀಮಿಯಂ ಕಟ್ಟಿದ್ದಾರೆಯೇ ನೋಡಿ. ಇಲ್ಲದಿದ್ದರೆ ವಿಮಾ ಕಂಪನಿ ಕೈಚೆಲ್ಲಬಹುದು. ವಾಹನದ ಆರ್‌ಸಿ ಯಾರ ಹೆಸರಿನಲ್ಲಿದೆ ಎಂಬುದನ್ನೂ ಪರಿಶೀಲಿಸಿ. ಇಲಾಖೆಯ ಹೆಸರಿನ ವಾಹನವನ್ನು ಏಜೆನ್ಸಿ ಓಡಿಸುತ್ತಿದ್ದರೆ ಇಬ್ಬರನ್ನೂ ಪಕ್ಷಕಾರರಾಗಿ ಸೇರಿಸಬೇಕು.

ಗಡುವು

166ರಡಿಯ ಅರ್ಜಿಗೆ ಗಡುವು ಅಪಘಾತದ ದಿನದಿಂದ 6 ತಿಂಗಳು. ಈ ನಿಯಮ 2022ರ ಏಪ್ರಿಲ್ 1ರಿಂದ ಇದೆ. ಹಳೆಯ ಕಾಲದ ‘ಯಾವಾಗ ಬೇಕಾದರೂ ಹಾಕಬಹುದು’ ಎಂಬ ಮಾತನ್ನು ಈಗಲೂ ಹೇಳುವವರಿದ್ದಾರೆ. ಅದನ್ನು ನಂಬಿ ಪ್ಲಾಸ್ಟರ್ ಬಿಚ್ಚಿ, ಫಿಸಿಯೊಥೆರಪಿ ಮುಗಿಸಿ ಆಮೇಲೆ ನೋಡೋಣ ಎಂದು ಕೂರಬೇಡಿ. ಅಂಗವೈಕಲ್ಯದ ಪ್ರಮಾಣಪತ್ರ ನಂತರ ಹಾಜರುಪಡಿಸಬಹುದು, ಅರ್ಜಿ ಮಾತ್ರ ಮೊದಲೇ ಹೋಗಲಿ.

ನೌಕರರ ಪರಿಹಾರಕ್ಕೆ ಗಡುವು 2 ವರ್ಷ. ಇಎಸ್‌ಐ ಸೌಲಭ್ಯ ನಿರಾಕರಿಸಿದರೆ ಇಎಸ್‌ಐ ನ್ಯಾಯಾಲಯಕ್ಕೆ ಹೋಗಲು 3 ವರ್ಷ.

ಇನ್ನೊಂದು ಬದಲಾವಣೆ: 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಯಲ್ಲಿದೆ. 1923ರ ನೌಕರರ ಪರಿಹಾರ ಕಾಯ್ದೆ, 1948ರ ಇಎಸ್‌ಐ ಕಾಯ್ದೆ ಎರಡೂ ಅದರೊಳಗೆ ಸೇರಿವೆ. ಲೆಕ್ಕದ ವಿಧಾನ ಅದೇ. ಕಲಂ ಸಂಖ್ಯೆಗಳು ಬದಲಾಗಿವೆ. ಅಪಘಾತ ಆ ದಿನಾಂಕಕ್ಕೆ ಮುಂಚೆ ಆಗಿದ್ದರೆ ಅರ್ಜಿಯಲ್ಲಿ ಹಳೆಯ ಕಾಯ್ದೆಯ ಕಲಂ, ನಂತರ ಆಗಿದ್ದರೆ ಸಂಹಿತೆಯ ಕಲಂ ನಮೂದಾಗಿರಬೇಕು. ವಕೀಲರು ಹಳೆಯ ನಮೂನೆಯನ್ನೇ ಟೈಪ್ ಮಾಡಿಸಿದ್ದಾರೆಯೇ ಎಂದು ನೀವೇ ನೋಡಿಕೊಳ್ಳಿ.

ಮನೆಯಿಂದ ಡ್ಯೂಟಿಗೆ ಬರುವಾಗ, ಶಿಫ್ಟ್ ಮುಗಿಸಿ ಹೋಗುವಾಗ ಆದ ಅಪಘಾತವೂ ಕೆಲಸದ ಅಪಘಾತವೇ. ಇಎಸ್‌ಐನಲ್ಲಿ 2010ರಿಂದ ಈ ನಿಯಮ ಇದೆ. ನೌಕರರ ಪರಿಹಾರಕ್ಕೂ ಇದು ಅನ್ವಯಿಸುತ್ತದೆ ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹನ್ನೆರಡು ಗಂಟೆಯ ರಾತ್ರಿ ಪಾಳಿ ಮುಗಿಸಿ ಬೈಕ್‌ನಲ್ಲಿ ಮನೆಗೆ ಹೊರಡುವ ಇಎಂಟಿಗೆ ಇದರಷ್ಟು ಮುಖ್ಯವಾದ ತೀರ್ಪು ಇನ್ನೊಂದಿಲ್ಲ. ಹೊರಟ ಸಮಯ, ಸಾಮಾನ್ಯವಾಗಿ ಹೋಗುವ ದಾರಿ, ಕೆಲಸದೊಂದಿಗಿನ ಸಂಬಂಧ ಇವನ್ನು ತೋರಿಸಬೇಕಾಗುತ್ತದೆ. ದಾರಿ ಬಿಟ್ಟು ಸ್ವಂತ ಕೆಲಸಕ್ಕೆ ಹೋಗಿದ್ದರೆ ಕಷ್ಟ.

ಇಎಸ್‌ಐ ಇದ್ದವರಿಗೆ

ಏಜೆನ್ಸಿಯು ಫಾರಂ 12ರ ಅಪಘಾತ ವರದಿಯನ್ನು ಇಎಸ್‌ಐ ಶಾಖಾ ಕಚೇರಿಗೆ ತಡಮಾಡದೆ ಸಲ್ಲಿಸಬೇಕು. ಇದು ಹೋಗದಿದ್ದರೆ ನಿಮ್ಮ ಗಾಯ ‘ಕಾಯಿಲೆ’ಯ ಲೆಕ್ಕಕ್ಕೆ ಬೀಳುತ್ತದೆ. ಕಾಯಿಲೆಗೆ ಸಿಗುವುದು ವೇತನದ ಶೇ 70, ಅದೂ ವರ್ಷಕ್ಕೆ 91 ದಿನ. ಕೆಲಸದ ಗಾಯಕ್ಕೆ ಸಿಗುವುದು ಶೇ 90, ತಾತ್ಕಾಲಿಕ ಅಸಾಮರ್ಥ್ಯ ಇರುವಷ್ಟೂ ದಿನ, ಮತ್ತು ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ಷರತ್ತೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಸಿಗುತ್ತದೆ. ಅಸಾಮರ್ಥ್ಯ ಅಪಘಾತದ ದಿನ ಬಿಟ್ಟು ಕನಿಷ್ಠ 3 ದಿನ ಇರಬೇಕು, ಅಷ್ಟೇ.

ಏಜೆನ್ಸಿ ವರದಿ ಕಳಿಸದಿದ್ದರೆ ನೀವೇ ನೋಟಿಸ್‌ನ ಪ್ರತಿ, ಎಂಎಲ್‌ಸಿ, ಹಾಜರಾತಿ ಹಿಡಿದು ಶಾಖಾ ವ್ಯವಸ್ಥಾಪಕರಿಗೆ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಖಾಸಗಿ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆ ಪಡೆದಿದ್ದರೂ ಬೇಗನೆ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ರಜೆಯ ಪ್ರಮಾಣಪತ್ರ ಅಲ್ಲಿಂದಲೇ ಪಡೆಯಿರಿ. ಪ್ರಮಾಣಪತ್ರಗಳ ನಡುವೆ ದಿನ ಬಿಟ್ಟುಹೋದರೆ ಆ ದಿನಗಳ ಹಣಕ್ಕೆ ಆಕ್ಷೇಪ ಬರುತ್ತದೆ.

ಗಾಯ ವಾಸಿಯಾಗಿ ಶಾಶ್ವತ ಕೊರತೆ ಉಳಿದರೆ ವೈದ್ಯಕೀಯ ಮಂಡಳಿಗೆ ಕಳಿಸಲು ಕೇಳಿ. ದಿನಕ್ಕೆ 600 ವೇತನದವರಿಗೆ ಪೂರ್ತಿ ದರ 540. ಮಂಡಳಿ ಶೇ 20 ಎಂದರೆ ದಿನಕ್ಕೆ 108 ರೂಪಾಯಿ, ಜೀವನಪರ್ಯಂತ. ಮೊತ್ತ ಸಣ್ಣದೆನಿಸಿದರೂ ಕೆಲಸ ಬಿಟ್ಟ ಮೇಲೂ ಬರುತ್ತಿರುತ್ತದೆ. ಮಂಡಳಿ ಕಡಿಮೆ ಹಾಕಿದೆ ಎನಿಸಿದರೆ 3 ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು.

ಸೂಜಿ ಚುಚ್ಚಿದರೆ

ಗಾಯವನ್ನು ಹಿಂಡಬೇಡಿ, ಬ್ಲೀಚ್ ಹಾಕಬೇಡಿ. ಸೋಪು, ನೀರಿನಿಂದ ತೊಳೆಯಿರಿ. ಎಚ್‌ಐವಿ ತಡೆಯುವ ಮಾತ್ರೆ ಆದಷ್ಟು ಬೇಗ, 2 ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು. 72 ಗಂಟೆ ದಾಟಿದರೆ ಅದನ್ನು ಕೊಡುವುದಿಲ್ಲ. ಶುರು ಮಾಡಿದರೆ 28 ದಿನವೂ ಬಿಡದೆ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿರದಿದ್ದರೆ ಅದನ್ನೂ, ಇಮ್ಯುನೊಗ್ಲಾಬ್ಯುಲಿನ್ ಬೇಕೇ ಎಂಬುದನ್ನೂ ಅಂದೇ ವೈದ್ಯರಲ್ಲಿ ಕೇಳಿ. ಅಪಾಯವಿರುವ ಸಿಬ್ಬಂದಿಗೆ ಈ ರಕ್ಷಣೆ ಒದಗಿಸುವುದು 2017ರ ಎಚ್‌ಐವಿ ಕಾಯ್ದೆಯ 19ನೇ ಕಲಂ ಪ್ರಕಾರ ಆರೋಗ್ಯ ಸೇವಾ ಸಂಸ್ಥೆಯ ಹೊಣೆ.

ಪರಿಹಾರದ ದೃಷ್ಟಿಯಿಂದ ಅತಿ ಮುಖ್ಯವಾದದ್ದು ಆ ದಿನವೇ ಮಾಡಿಸುವ ರಕ್ತಪರೀಕ್ಷೆ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರೂ. ಆ ದಿನ ನೆಗೆಟಿವ್ ಇದ್ದು ಮುಂದೆ ಪಾಸಿಟಿವ್ ಬಂದರೆ ಸೋಂಕು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಆ ಒಂದು ಚೀಟಿಯೇ ಉತ್ತರ. ಚುಚ್ಚಿ ಮೂರು ತಿಂಗಳ ನಂತರ ಮೊದಲ ಬಾರಿ ಪರೀಕ್ಷೆ ಮಾಡಿಸಿದರೆ ಆ ಉತ್ತರ ಇರುವುದಿಲ್ಲ. ಮುಂದಿನ ಪರೀಕ್ಷೆಗಳನ್ನು ವೈದ್ಯರು ಹೇಳಿದ ದಿನಕ್ಕೇ ಮಾಡಿಸಿ ವರದಿ ಜೋಡಿಸಿಡಿ. ಆರೋಗ್ಯ ಸೇವೆಯ ಕೆಲಸದಲ್ಲಿ ತಗುಲಿದ ಸಾಂಕ್ರಾಮಿಕ ರೋಗ ವೃತ್ತಿಜನ್ಯ ಕಾಯಿಲೆಗಳ ಅನುಸೂಚಿಯ ಎ ಭಾಗದಲ್ಲಿದೆ. ಅದಕ್ಕೆ ಇಷ್ಟು ತಿಂಗಳ ಸೇವೆ ಆಗಿರಬೇಕೆಂಬ ನಿಯಮ ಇಲ್ಲ. ಕ್ಷಯಕ್ಕೂ ಇದೇ ಮಾತು. ರೋಗಿಯ ಎಚ್‌ಐವಿ ಸ್ಥಿತಿಯನ್ನು ಮಾತ್ರ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ, ಅದು ಕಾನೂನುಬಾಹಿರ.

ಹಲ್ಲೆಯಾದರೆ

‘ರೋಗಿಯ ಕಡೆಯವರು, ದುಃಖದಲ್ಲಿದ್ದಾರೆ, ಬಿಡಿ’ ಎಂದು ಠಾಣೆಯಲ್ಲಿ ರಾಜಿ ಮಾಡಿಸುವುದು ಹೆಚ್ಚು. ಮನಸ್ಸಿಗೆ ಬಂದರೆ ಕ್ಷಮಿಸಿ, ಆದರೆ ದೂರು ಮತ್ತು ಎಂಎಲ್‌ಸಿ ದಾಖಲಾಗಿರಲಿ. ಕೆಲಸ ಮಾಡುತ್ತಿದ್ದ ಕಾರಣಕ್ಕೇ ಆದ ಹಲ್ಲೆಯೂ ಪರಿಹಾರದ ಮಟ್ಟಿಗೆ ಅಪಘಾತವೇ. ದೂರಿನಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸಾಚಾರ ತಡೆಯುವ 2009ರ ಕರ್ನಾಟಕ ಕಾಯ್ದೆಯನ್ನು ನಮೂದಿಸಲು ಕೇಳಿ. ಜೊತೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಂತ್ರಸ್ತರ ಪರಿಹಾರ ಯೋಜನೆಗೂ ಅರ್ಜಿ ಹಾಕಬಹುದು.

ಶೇಕಡಾ ಎಷ್ಟು ಎಂಬ ಜಗಳ

ಮೂಳೆ ವೈದ್ಯರು ‘ಬಲಗಾಲಿಗೆ ಶೇ 45’ ಎಂದು ಬರೆದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಶೇ 15 ಎಂದು ನ್ಯಾಯಮಂಡಳಿಗಳು ಹಿಡಿಯುವುದು ರೂಢಿ. ಆದರೆ ಪರಿಹಾರಕ್ಕೆ ಬೇಕಾದದ್ದು ದೇಹದ ಶೇಕಡಾವಾರು ಅಲ್ಲ, ದುಡಿಯುವ ಸಾಮರ್ಥ್ಯದಲ್ಲಾದ ನಷ್ಟ. ಮೇಜಿನ ಮುಂದೆ ಕೂತು ಮಾಡುವ ಕೆಲಸದವರಿಗೆ ಮಂಡಿ ಪೂರ್ತಿ ಮಡಚದಿದ್ದರೆ ನಡೆಯುತ್ತದೆ. ಇಎಂಟಿಗೆ ನಡೆಯುವುದಿಲ್ಲ. ನೆಲದ ಮೇಲೆ ಮಂಡಿಯೂರದೆ ಸಿಪಿಆರ್ ಕೊಡಲು ಆಗದು, ಕುಕ್ಕರಗಾಲಲ್ಲಿ ಕೂರದೆ ಸ್ಟ್ರೆಚರ್ ಎತ್ತಲು ಆಗದು. 1975ರಲ್ಲೇ ಎಡಗೈ ಕಳೆದುಕೊಂಡ ಬಡಗಿಯೊಬ್ಬರಿಗೆ, ಆ ವೃತ್ತಿಯೇ ಇನ್ನು ಸಾಧ್ಯವಿಲ್ಲವೆಂದು, ನೂರಕ್ಕೆ ನೂರು ನಷ್ಟ ಎಂದು ಸುಪ್ರೀಂ ಕೋರ್ಟ್ ಒಪ್ಪಿದೆ.

ಆದ್ದರಿಂದ ವೈದ್ಯರ ಬಳಿ ಹೋಗುವಾಗ ನಿಮ್ಮ ಕೆಲಸದಲ್ಲಿ ಏನೇನು ಮಾಡಬೇಕು ಎಂಬ ಪಟ್ಟಿ ಒಯ್ಯಿರಿ. ಯಾವುದು ಆಗದು ಎಂದು ಒಂದೊಂದಾಗಿ ಬರೆಸಿಕೊಳ್ಳಿ. ಪೈಲಟ್‌ಗಳು ದೃಷ್ಟಿ, ಹಿಡಿತ, ಪಾದದ ಬಲದ ಬಗ್ಗೆ, ಸಾರಿಗೆ ವಾಹನದ ಲೈಸೆನ್ಸ್ ನವೀಕರಣಕ್ಕೆ ತೊಂದರೆ ಇದೆಯೇ ಎಂಬ ಬಗ್ಗೆ ಬರೆಸಬೇಕು. ಪ್ರಮಾಣಪತ್ರ ಕೊಟ್ಟ ವೈದ್ಯರು ಸಾಕ್ಷಿ ಹೇಳಲೂ ಬರಬೇಕಾಗುತ್ತದೆ. ಚಿಕಿತ್ಸೆ ಕೊಟ್ಟ ವೈದ್ಯರದೇ ಆದರೆ ಅದಕ್ಕೆ ತೂಕ ಹೆಚ್ಚು.

ಅರ್ಜಿ, ಆದೇಶ, ವಸೂಲಿ

ನೌಕರರ ಪರಿಹಾರದ ಅರ್ಜಿಗಳನ್ನು ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಆಯುಕ್ತರಾಗಿ ವಿಚಾರಿಸುತ್ತಾ ಬಂದಿದ್ದಾರೆ. ಅಪಘಾತ ನಡೆದ ಊರಲ್ಲೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಕಡೆಯೂ ಹಾಕಬಹುದು. ರಾಯಚೂರಿನಲ್ಲಿ ಗಾಯಗೊಂಡ ಹಾಸನದವರು ಊರಿಗೆ ಮರಳಿದ್ದರೆ ಹಾಸನವೇ ಸಾಕು. ಗುತ್ತಿಗೆಯ ಮೇಲೆ ಕೆಲಸ ಮಾಡುವವರು ಏಜೆನ್ಸಿಯ ಜೊತೆಗೆ ಗುತ್ತಿಗೆ ಕೊಟ್ಟವರನ್ನೂ ಎದುರುದಾರರನ್ನಾಗಿ ಹೆಸರಿಸಿ. ಗುತ್ತಿಗೆದಾರ ಬದಲಾಗಿ ಕಚೇರಿ ಮುಚ್ಚಿಹೋದರೆ ಆಗ ಹಣ ಕೊಡಲು ಒಬ್ಬರಾದರೂ ಇರುತ್ತಾರೆ.

ಪರಿಹಾರ ಬಾಕಿಯಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಮೊತ್ತದ ಶೇ 50ರವರೆಗೆ ದಂಡ. ಇವೆರಡನ್ನೂ ಅರ್ಜಿಯಲ್ಲಿ ಕೇಳಿರಬೇಕು.

ಕೇಸ್ ನಡೆಯುವಾಗ ‘50,000 ತಗೊಂಡು ಸಹಿ ಹಾಕು, ಕೆಲಸವೂ ಉಳಿಯುತ್ತೆ’ ಎಂಬ ಮಾತು ಬರುತ್ತದೆ. ಹಕ್ಕು ಬಿಟ್ಟುಕೊಡುವ ಇಂಥ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ನೌಕರರ ಪರಿಹಾರದಲ್ಲಿ ರಾಜಿ ಆಯುಕ್ತರ ಮುಂದೆ ನೋಂದಣಿಯಾಗಬೇಕು. ಸಾವಿನ ಪ್ರಕರಣದಲ್ಲಿ ಮಾಲೀಕರು ಪರಿಹಾರವನ್ನು ಆಯುಕ್ತರಲ್ಲಿ ಠೇವಣಿ ಇಡಬೇಕು. ಕುಟುಂಬದ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರ ಕೊಟ್ಟಂತೆ ಆಗುವುದಿಲ್ಲ. ಲೋಕ ಅದಾಲತ್‌ನಲ್ಲಿ ಒಪ್ಪಿಕೊಂಡರೆ ಮಾತ್ರ ಎಚ್ಚರ, ಅದರ ಮೇಲೆ ಮೇಲ್ಮನವಿ ಇಲ್ಲ.

ವಕೀಲರ ಖರ್ಚಿಗೆ ಹೆದರಿ ಹಿಂಜರಿಯಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ 15100. ಆದೇಶದ ವಿರುದ್ಧ ಹೈಕೋರ್ಟಿಗೆ ಹೋಗಲು 60 ದಿನ ಇದೆ. ಮಾಲೀಕರು ಹೋಗಬೇಕಾದರೆ ಆದೇಶದ ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಬಂದಿಲ್ಲ ಎಂದಾದರೆ ಆಯುಕ್ತರಿಗೇ ವಸೂಲಿ ಅರ್ಜಿ ಕೊಡಿ. ಆ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸುವ ಅಧಿಕಾರ ಅವರಿಗಿದೆ.